ಕಂಪ್ಯೂಟರಿಗೆ ಹೊಲಿದ ಜೋಡು

ಹೊಸ ಕಂಪ್ಯೂಟರಿಗೆ ಹನ್ನೊಂದು ಜೊತೆ ಜೋಡು. ಹಳೆಯದನ್ನೇ ರಿಪೇರಿ ಮಾಡಿಸಿದರೆ ಒಂದು ಜೊತೆ, ಹೆಚ್ಚೆಂದರೆ ಒಂದೂವರೆ. ಫೋನಿನಲ್ಲಿ ಮಾತಾಡುತ್ತಿರುವ ಮನುಷ್ಯ ಕೇಳುತ್ತಿರುವುದು ನಾಲ್ಕು ಜೊತೆ. ಬಾಗಿಲ ಬೆಳಕಿನಲ್ಲಿ ಕೂತು ಜೋಡಿನ ಅಟ್ಟೆ ಕೆತ್ತುತ್ತಿದ್ದ ತಮ್ಮ, ಕೈ ನಿಲ್ಲಿಸದೆ ಲೆಕ್ಕ ಹಾಕಿದ. ಅವನಿಗೆ ಯಾವ ಲೆಕ್ಕವಾದರೂ ಜೋಡಿನಲ್ಲೇ ಬರುತ್ತಿತ್ತು. ಒಂದು ಜೊತೆ ಎಂದರೆ ನಾಲ್ಕು ದಿನದ ದುಡಿಮೆ. ಹಾಗಾದರೆ ಈ ಮನುಷ್ಯನಿಗೆ ಹದಿನಾರು ದಿನ ಬೆನ್ನು ಬಗ್ಗಿಸಬೇಕು.

ಒಳಗೆ ಅಕ್ಕ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡು, ಪರದೆಯ ಮೇಲೆ ಬೆರಳಿಟ್ಟು ಓದುತ್ತಿದ್ದಳು.

"ಹೂಂ, ನೀವು ಹೇಳಿದ್ದನ್ನ ಒತ್ತಿದೆ. ನಂಬರ್ ಬಂದಿದೆ, ಒಂಬತ್ತು ಅಂಕಿ. ಬರ್ಕೊಳ್ಳಿ. ನಾಲ್ಕು, ಒಂದು, ಏಳು, ಏಳು, ಸೊನ್ನೆ..."

ಪರದೆ ಕಪ್ಪಾಯಿತು. ಡಬ್ಬದೊಳಗೆ ಬೆಳಗಿನಿಂದ ಗೊರಗುಡುತ್ತಿದ್ದ ಸದ್ದು ಸಟ್ಟನೆ ನಿಂತಿತು.

ಈ ವಾರದಲ್ಲಿ ಹಾಗಾದದ್ದು ನಾಲ್ಕನೆಯ ಸಲ. ಬೆಳಿಗ್ಗೆ ಅಕ್ಕ ಯಾಕೆ ಹೀಗಾಗುತ್ತದೆಂದು ಇಂಟರ್ನೆಟ್ಟಿನಲ್ಲೇ ಹುಡುಕಲು ಹೋಗಿದ್ದಳು. ಎಲ್ಲೋ ಒತ್ತಿದಾಗ ಪರದೆ ತುಂಬ ಕೆಂಪು ಚೌಕ ಎದ್ದು ನಿಂತಿತು. ನಿಮ್ಮ ಕಂಪ್ಯೂಟರಿನಲ್ಲಿ ನಲವತ್ತೇಳು ವೈರಸ್ ಇವೆ, ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ. ನಲವತ್ತೇಳು ಎಂದು ಇಷ್ಟು ಖಚಿತವಾಗಿ ಎಣಿಸಿದವರು ಸುಳ್ಳು ಹೇಳಿಯಾರೇ ಎಂದು ಅಕ್ಕ ಫೋನ್ ಮಾಡಿದ್ದಳು. ಸ್ವತಃ ಅವಳೇ ಎಲ್ಲವನ್ನೂ ಎಣಿಸಿ ಇಡುವವಳು.

ಈಗ ಆ ಮನುಷ್ಯ ಬಟನ್ ಒತ್ತಿ ಮತ್ತೆ ಚಾಲೂ ಮಾಡಿ ಎಂದು ಅವಸರ ಮಾಡುತ್ತಿದ್ದ. ತಡ ಮಾಡಿದರೆ ಒಳಗಿರುವುದೆಲ್ಲ ಸಂಜೆಯೊಳಗೆ ಅಳಿಸಿಹೋಗುತ್ತದಂತೆ. ಅಕ್ಕ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ತಮ್ಮ ಎದ್ದು ಬಂದ, ಫೋನು ತೆಗೆದುಕೊಂಡು, ಆಮೇಲೆ ಮಾಡುತ್ತೇವೆ ಎಂದಷ್ಟೇ ಹೇಳಿ ಇಟ್ಟುಬಿಟ್ಟ.

"ಅವರು ಸಹಾಯ ಮಾಡ್ತಿದ್ರು ಕಣೋ. ಎಷ್ಟು ಮರ್ಯಾದೆಯಿಂದ ಮೇಡಂ ಮೇಡಂ ಅಂತಿದ್ರು. ನೀನು ಹುಟ್ಟಿದಾಗಿನಿಂದ ಒಂದು ದಿನ ಹಾಗೆ ಮಾತಾಡಿಸಿದೀಯಾ?"

"ಅಕ್ಕ, ನಾನು ದಾರೀಲಿ ಹೋಗೋರನ್ನ ನಿಲ್ಲಿಸಿ ನಿಮ್ಮ ಕಾಲು ಕೆಟ್ಟಿದೆ ಅಂತೀನಾ? ನೋವಿದ್ದೋರು ಅವರಾಗೇ ಬರ್ತಾರೆ. ಇವನು ಅಲ್ಲೆಲ್ಲೋ ಕೂತ್ಕೊಂಡು ನಮ್ಮ ಡಬ್ಬದೊಳಗಿನ ಹುಳ ಹೆಂಗೆ ಎಣಿಸಿದ?"

ಅಕ್ಕ ಕುರ್ಚಿಯ ಮೇಲೆ ಕುಸಿದು ಕೂತು, ಆ ಕಪ್ಪು ಪರದೆಯನ್ನೇ ನೋಡಿದಳು. ಅದರ ಹಿಂದೆ ಮುನ್ನೂರ ಹನ್ನೆರಡು ಜನರ ಕಾಲುಗಳಿದ್ದವು.

ಅಂಗಡಿಯಲ್ಲಿ ಸಿಗುವ ಯಾವ ಜೋಡೂ ಹೊಂದದ ಕಾಲುಗಳಿಗಾಗಿಯೇ ಇಬ್ಬರೂ ಇಪ್ಪತ್ತೆರಡು ವರ್ಷಗಳಿಂದ ಜೋಡು ಮಾಡುತ್ತಿದ್ದರು. ಅಕ್ಕ ಹಾಳೆಯ ಮೇಲೆ ಕಾಲಿಡಿಸಿ, ಪೆನ್ಸಿಲಿನಲ್ಲಿ ಸುತ್ತು ಬರೆದು, ಅಳತೆ ಹಿಡಿಯುತ್ತಿದ್ದಳು. ತಮ್ಮ ಕತ್ತರಿಸಿ ಹೊಲಿಯುತ್ತಿದ್ದ. ಗಿರಾಕಿಗಳ ಹೆಸರು ಇಬ್ಬರಿಗೂ ನೆನಪಿರುತ್ತಿರಲಿಲ್ಲ, ಕಾಲು ನೆನಪಿರುತ್ತಿತ್ತು. ಹಾಗಾಗಿ ಒಬ್ಬರು ಗಂಟು ಹೆಬ್ಬೆರಳು, ಒಬ್ಬರು ಚಪ್ಪಟೆ ಟೀಚರು, ಇನ್ನೊಬ್ಬರು ಬಾತುಕೋಳಿ ಲಾಯರು. ಒಂದೇ ಸಲಕ್ಕೆ ಯಾರ ಜೋಡೂ ಸರಿಯಾಗುತ್ತಿರಲಿಲ್ಲ. ಮೂರು ಸಲ, ನಾಲ್ಕು ಸಲ ತೊಡಿಸಿ ನೋಡಿ, ಚಳಿಗಾಲದಲ್ಲಿ ಕಿರುಬೆರಳು ಊದುತ್ತದೆ, ಮೆಟ್ಟಿಲು ಇಳಿಯುವಾಗ ಹಿಮ್ಮಡಿ ಜಾರುತ್ತದೆ ಎಂದು ಅಕ್ಕ ಚಿತ್ರದ ಅಂಚಿನಲ್ಲಿ ಸಣ್ಣಗೆ ಬರೆದಿಡುತ್ತಿದ್ದಳು. ಆ ಅಂಚಿನ ಬರಹವೇ ಅಂಗಡಿಯ ಬಂಡವಾಳ. ಮೂರು ವರ್ಷದ ಹಿಂದೆ ಎಲ್ಲವನ್ನೂ ಒಂದೊಂದಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ತುಂಬಿಸಿದ್ದಳು, ಆರು ತಿಂಗಳು ಹಿಡಿದಿತ್ತು.

ಈಗ ತಮ್ಮ ಕೆತ್ತುತ್ತಿದ್ದ ದಪ್ಪ ಅಟ್ಟೆ ಎರಡು ಬೆರಳಿನದು. ಎರಡು ಬೆರಳು ಎಂದರೆ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸು. ಅವಳ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಬೆಳಿಗ್ಗೆ ಎತ್ತರ ನೋಡಲೆಂದು ಅವಳ ಚಿತ್ರವನ್ನು ತೆರೆದಿಟ್ಟಿದ್ದಾಗಲೇ ಈ ಗಲಾಟೆ ಶುರುವಾಗಿದ್ದು. ಎರಡೇ ಬೀದಿ ಆಚೆ ಅವಳ ಅಂಗಡಿ. ಇಷ್ಟು ದಿನ ಅವಳನ್ನು ಒಂದು ಮಾತು ಕೇಳದೆ ಇದ್ದುದಕ್ಕೆ ಕಾರಣ ರಿಪೇರಿಗೆ ತಗಲುವ ಆ ಒಂದು ಜೊತೆ ಜೋಡಿನ ಖರ್ಚು. ಅಕ್ಕ ಈಗ ಅದನ್ನೆಲ್ಲ ಬದಿಗಿಟ್ಟು ಅವಳಿಗೆ ಫೋನ್ ಮಾಡಿದಳು.

ರಿಪೇರಿಯವಳು ಹಳೆಯ ಜೋಡು ಟಕಟಕ ಅನ್ನಿಸುತ್ತ ಬಂದಳು. ಮೇಜಿನ ಕೆಳಗೆ ಬಗ್ಗಿ ನೋಡಿದವಳು ಹಾಗೇ ನಿಂತುಬಿಟ್ಟಳು. ಕಂಪ್ಯೂಟರಿನ ಡಬ್ಬ ಕಾಣುತ್ತಲೇ ಇರಲಿಲ್ಲ. ಕಂದು ಬಣ್ಣದ ಚರ್ಮದ ಕವಚವೊಂದು ಅದನ್ನು ಮೈಗೆ ಅಂಟಿದಂತೆ ಮುಚ್ಚಿತ್ತು. ಅಂಚಿಗೆ ಜೋಡಿ ಹೊಲಿಗೆ, ಹಿಂದುಗಡೆ ಹಿತ್ತಾಳೆಯ ಕಣ್ಣುಗಳಲ್ಲಿ ಪೋಣಿಸಿ ಬಿಗಿದ ಲೇಸು, ವೈರುಗಳಿಗೆ ಮಾತ್ರ ಅಳೆದು ಕೊರೆದ ತೂತು.

"ಇದೇನಿದು ಮೇಸ್ತ್ರಿಗಳೇ?"

ತಮ್ಮನಿಗೆ ಸ್ವಲ್ಪ ಹೆಮ್ಮೆಯೇ ಆಯಿತು. ಅಂಗಡಿ ತುಂಬ ಚರ್ಮದ ಪುಡಿ ಹಾರುತ್ತದೆ, ಅದು ಒಳಗೆ ಹೋಗದಿರಲಿ ಎಂದು ಹೋದ ತಿಂಗಳು ತಾನೇ ಹೊಲಿದದ್ದು ಎಂದ. ಒಳಗೆ ಉಣ್ಣೆಯ ಅಸ್ತರಿ ಬೇರೆ ಕೊಟ್ಟಿದ್ದೇನೆ, ಒಂದು ಕೂದಲು ನುಸುಳುವಷ್ಟು ಸಂದಿ ಇಲ್ಲ ಎಂದೂ ಸೇರಿಸಿದ.

ಅವಳು ಲೇಸು ಬಿಚ್ಚಿ ಕವಚ ಸರಿಸಿದಾಗ ಒಲೆಯ ಬಾಯಿ ತೆರೆದ ಹಾಗೆ ಬಿಸಿ ಮುಖಕ್ಕೆ ಬಡಿಯಿತು. ವಿದ್ಯುತ್ ತಂತಿ ಕಿತ್ತು, ಪಕ್ಕದ ಹಲಗೆ ಬಿಚ್ಚಿದಳು. ಒಳಗಿನ ಪುಟ್ಟ ಫ್ಯಾನು ಹಳೆಯ ಪುಡಿ ಮತ್ತು ಹೊಸ ಉಣ್ಣೆ ಎರಡನ್ನೂ ಸುತ್ತಿಕೊಂಡು ಇಲಿಮರಿಯ ಹಾಗೆ ಬೂದು ಬಣ್ಣಕ್ಕೆ ತಿರುಗಿತ್ತು.

"ಮೇಸ್ತ್ರಿಗಳೇ, ಇದೂ ಉಸಿರಾಡಬೇಕು. ಫ್ಯಾನು ಗಾಳಿ ಎಳ್ಕೊಂಡು ಬಿಸಿ ಹೊರಗೆ ಹಾಕತ್ತೆ. ನೀವು ಮೂಗು ಬಾಯಿ ಎಲ್ಲಾ ಹೊಲಿದುಬಿಟ್ಟಿದೀರ. ಕಾದು ಕಾದು, ಸುಟ್ಟು ಹೋಗೋ ಬದಲು ತಾನೇ ಆಫ್ ಆಗತ್ತೆ. ವೈರಸ್ಸೂ ಇಲ್ಲ, ಗಿರಸ್ಸೂ ಇಲ್ಲ."

ತಮ್ಮ, ಕೈಯಲ್ಲಿದ್ದ ಕವಚವನ್ನು ತಿರುಗಿಸಿ ನೋಡಿದ. ಅವನ ಹೊಲಿಗೆಯಲ್ಲಿ ತಪ್ಪೇನೂ ಇರಲಿಲ್ಲ. ಅಳತೆ ಅಷ್ಟು ಸರಿಯಾಗಿದ್ದದ್ದೇ ತಪ್ಪಾಗಿತ್ತು.

ಅವಳು ಮೆತ್ತನೆಯ ಬ್ರಷ್ ಕೇಳಿದಳು. ಪಾಲಿಶ್ ಮುಟ್ಟದ ಹೊಸ ಜೋಡಿನ ಬ್ರಷ್ಷೊಂದನ್ನು ಅವನು ಕೊಟ್ಟ. ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಅವಳು ಧೂಳು ತೆಗೆಯುತ್ತಿದ್ದಾಗ, ಅಕ್ಕ ತಡೆಯಲಾರದೆ ಫೋನಿನ ಮನುಷ್ಯನ ವಿಷಯ ತೆಗೆದಳು. ಬ್ರಷ್ ನಿಂತಿತು.

"ನಂಬರ್ ಪೂರ್ತಿ ಕೊಟ್ರಾ?"

"ಐದು ಕೊಟ್ಟೆ."

"ಇನ್ನು ನಾಲ್ಕು?"

"ಅಷ್ಟರಲ್ಲಿ ಇದು ಸತ್ತೋಯ್ತಲ್ಲ."

ರಿಪೇರಿಯವಳು ಅಲ್ಲೇ ನೆಲದ ಮೇಲೆ ಕೂತಳು. ಆ ಒಂಬತ್ತು ಅಂಕಿ ಸಿಕ್ಕಿದ್ದರೆ ಅವನು ಎಲ್ಲಿಂದಲೋ ಈ ಕಂಪ್ಯೂಟರನ್ನು ತನ್ನದೇ ಎಂಬಂತೆ ನಡೆಸುತ್ತಿದ್ದ, ಚಿತ್ರಗಳಿಗೆಲ್ಲ ಬೀಗ ಹಾಕಿ ಬೀಗದ ಕೈಗೆ ಬೆಲೆ ಹೇಳುತ್ತಿದ್ದ, ಬ್ಯಾಂಕಿನ ಪಾಸ್‌ವರ್ಡ್ ಇದ್ದರೆ ಅದನ್ನೂ ಗುಡಿಸಿಕೊಂಡು ಹೋಗುತ್ತಿದ್ದ ಎಂದು ವಿವರಿಸಿದಳು. ಅಕ್ಕನ ಕಣ್ಣು ಗೋಡೆಗೆ ಹೋಯಿತು. ಅಲ್ಲಿ ನೇತು ಹಾಕಿದ್ದ ಮರದ ಕಾಲಚ್ಚಿನ ಮೇಲೆ ಬ್ಯಾಂಕಿನದು, ಈಮೇಲಿನದು ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಬರೆದಿಟ್ಟಿದ್ದಳು. ಬಂದ ಗಿರಾಕಿಗಳೆಲ್ಲ ಅದರ ಎದುರೇ ಕೂರುತ್ತಿದ್ದರು.

"ಅಂದ್ರೆ ನನ್ನ ಜೋಡು ಉಸಿರು ಕಟ್ಟಿಸಿದ್ದಕ್ಕೆ ಉಳಕೊಂಡ್ವಿ ಅನ್ನಿ," ಎಂದ ತಮ್ಮ.

"ಇದೊಂದು ಸಲ," ಎಂದಳು ಅವಳು. "ಚಿತ್ರಗಳ ಕಾಗದ ಎಲ್ಲಿವೆ? ಇನ್ನೊಂದು ಪ್ರತಿ ಇದೆ ತಾನೆ?"

ಅಕ್ಕ ತಮ್ಮನ ಮುಖ ನೋಡಿದಳು, ತಮ್ಮ ಅಟ್ಟೆಯ ಮುಖ ನೋಡಿದ. ಕಂಪ್ಯೂಟರಿನಲ್ಲಿ ಹೇಗೂ ಇವೆಯಲ್ಲ ಎಂದು ಹಳೆಯ ಹಾಳೆಗಳನ್ನು ಮುದ್ದೆ ಮಾಡಿ, ಆಕಾರ ಕೆಡದಂತೆ ಹೊಸ ಜೋಡುಗಳ ಮೂತಿಗೆ ತುರುಕಿ ಗಿರಾಕಿಗಳಿಗೆ ಕೊಟ್ಟಾಗಿತ್ತು. ಗಂಟು ಹೆಬ್ಬೆರಳು ಚಪ್ಪಟೆ ಟೀಚರ ಮನೆಗೆ ಹೋಗಿತ್ತು, ಟೀಚರು ಲಾಯರ ಮನೆಗೆ. ರಿಪೇರಿಯವಳು ನಗಲಿಲ್ಲ. ಇಂಟರ್ನೆಟ್ಟಿನ ತಂತಿಯನ್ನು ಎಳೆದು ಪಕ್ಕಕ್ಕಿಟ್ಟು, ಯಂತ್ರ ತಣ್ಣಗಾದ ಮೇಲೆ ಚಾಲೂ ಮಾಡಿದಳು.

ಪರದೆಗೆ ಬೆಳಕು ಬಂತು. ಫೋನಿನವನು ಹಾಕಿಸಿದ್ದ ಪ್ರೋಗ್ರಾಮನ್ನು ಕಿತ್ತುಹಾಕಿ, ಬೇರೇನಾದರೂ ಹೊಕ್ಕಿದೆಯೇ ಎಂದು ಹುಡುಕಿದಳು. ಏನೂ ಸಿಗಲಿಲ್ಲ. ಆದರೆ ಡಿಸ್ಕಿನೊಳಗೆ ಯಾರೋ ಹಲ್ಲು ಕಡಿಯುವ ಸದ್ದು. ಪದೇ ಪದೇ ಕಾದು ಸತ್ತದ್ದರಿಂದ ಪೆಟ್ಟು ಬಿದ್ದಿದೆ, ಎಷ್ಟು ಚಿತ್ರ ಬರುತ್ತವೋ ಹೇಳಲಾಗದು, ಮೊದಲು ಬಂದಷ್ಟನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳೋಣ ಎಂದು ಚೀಲದಿಂದ ಇನ್ನೊಂದನ್ನು ತೆಗೆದು ಸಿಕ್ಕಿಸಿದಳು.

ಪರದೆಯ ಮೇಲೆ ಹಸಿರು ಗೆರೆಯೊಂದು ಇರುವೆ ನಡೆದ ಹಾಗೆ ಮುಂದೆ ಸರಿಯತೊಡಗಿತು. ಮಧ್ಯಾಹ್ನವಿಡೀ ಮೂವರೂ ಅದರ ಮುಂದೆ ಕೂತರು. ಅಕ್ಕ ಸುಮ್ಮನೆ ಕೂರಲಾಗದೆ ಒಂದು ಹಾಳೆಯಲ್ಲಿ ರಿಪೇರಿಯವಳು ಹೇಳಿದ್ದನ್ನೆಲ್ಲ ಬರೆದುಕೊಂಡಳು. ತಾನಾಗಿ ಎದ್ದು ಹೆದರಿಸುವ ಚೌಕದ ನಂಬರಿಗೆ ಫೋನ್ ಮಾಡಬಾರದು. ಅಪ್‌ಡೇಟ್ ಕೇಳಿದರೆ ನಾಳೆ ನಾಳೆ ಎನ್ನಬಾರದು. ತಿಂಗಳಿಗೊಮ್ಮೆ ಫ್ಯಾನು ನೋಡಬೇಕು. ಬ್ಯಾಂಕಿನ ಪಾಸ್‌ವರ್ಡ್ ಬೇರೆ ಯಾವುದಕ್ಕೂ ಇಡಬಾರದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಪೋಣಿಸಿದರೆ ಒಳ್ಳೆಯದು. ಬರೆದಿಟ್ಟುಕೊಳ್ಳಲೇಬೇಕಾದರೆ ಯಾರ ಕಣ್ಣಿಗೂ ಬೀಳದ ಕಡೆ. ನನ್ನ ಜೋಡಿನ ಅಸ್ತರಿಯೊಳಗೆ ಬರೆದಿಡಲೇ ಎಂದು ತಮ್ಮ ಕೇಳಿದ. ಬರಿಗಾಲಲ್ಲಿ ಓಡಾಡೋ ಅಭ್ಯಾಸ ನಿಂದು, ಬ್ಯಾಂಕಿಗೆ ಹೋದಾಗ ಜೋಡು ಹುಡುಕ್ತಾ ಕೂರ್ಬೇಕು ಎಂದಳು ಅಕ್ಕ.

ಮೂರು ಗಂಟೆಗೆ ಫೋನು ಮತ್ತೆ ಬಡಿದುಕೊಂಡಿತು. ಅದೇ ನಂಬರು. ಎತ್ತಬೇಡಿ ಎಂದು ರಿಪೇರಿಯವಳು ಹೇಳುವಷ್ಟರಲ್ಲಿ ಅಕ್ಕ ಎತ್ತಿಯಾಗಿತ್ತು. ಉಳಿದ ನಾಲ್ಕು ಅಂಕಿ ಬೇಗ ಹೇಳಿ ಮೇಡಂ ಎಂಬ ದನಿ ಉಳಿದವರಿಗೂ ಕೇಳಿಸಿತು.

"ಹೇಳ್ತೀನಪ್ಪ. ಮೊದಲು ನಿನ್ನ ಪಾದದ ನಂಬರ್ ಹೇಳು. ಉದ್ದ ಎಷ್ಟು, ಅಗಲ ಎಷ್ಟು? ಎಲ್ಲಾದ್ರೂ ಎದುರಿಗೆ ಸಿಕ್ಕಿದ್ರೆ ಒಂದು ಜೋಡು ಕೊಡೋದಿದೆ."

ಅತ್ತ ಕಡೆ ಫೋನು ಇಟ್ಟ ಸದ್ದು. ರಿಪೇರಿಯವಳು ಆ ನಂಬರನ್ನು ಅಲ್ಲೇ ತಡೆಹಾಕಿ ಕೊಟ್ಟಳು.

ನಗು ನಿಂತ ಮೇಲೆ ರಿಪೇರಿಯವಳು ಯಾರೂ ಕೇಳದೆಯೇ ಒಂದು ಮಾತು ಹೇಳಿದಳು. ಪರದೆ ನೋಡುತ್ತಲೇ ಹೇಳಿದಳು.

"ನೀವು ಮೊದಲನೇ ಜೊತೆ ಕೊಟ್ಟಾಗ ನಂಗೆ ಇಪ್ಪತ್ತಾರು. ಅವತ್ತು ಇಲ್ಲಿಂದ ಹೊರಗೆ ಹೋದೋಳು ಬಸ್ಸಿನ ಹಿಂದೆ ಓಡಿದೆ. ಬಸ್ಸು ಸಿಗಲಿಲ್ಲ. ಆದ್ರೆ ಓಡಿದೆ. ಹತ್ತು ವರ್ಷ ಆಯ್ತು, ನಿಮಗೆ ಹೇಳೋಣ ಅಂದ್ಕೊಂಡು ಹೇಳಿರಲಿಲ್ಲ."

ತಮ್ಮ ಉಳಿಯನ್ನು ಬಟ್ಟೆಯಲ್ಲಿ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ.

ಹಸಿರು ಗೆರೆ ತುದಿ ಮುಟ್ಟಿತು. ಅಕ್ಕ ಒಂದೊಂದೇ ತೆರೆದು ಎಣಿಸಿದಳು. ಚಪ್ಪಟೆ ಟೀಚರು ಬಂದರು, ಲಾಯರು ಬಂದರು, ಗಂಟು ಹೆಬ್ಬೆರಳು ಅಂಚಿನ ಬರಹದ ಸಮೇತ ಬಂತು. ಮುನ್ನೂರ ಹನ್ನೊಂದು. ಯಂತ್ರ ಸತ್ತ ಗಳಿಗೆಯಲ್ಲಿ ತೆರೆದಿದ್ದ ಒಂದು ಮಾತ್ರ ಏನು ಮಾಡಿದರೂ ಏಳಲಿಲ್ಲ. ಪರದೆಯ ಮೇಲೆ ಅದರ ಹೆಸರಷ್ಟೇ ಉಳಿದಿತ್ತು. ಅಕ್ಕ ಕೈ ಅಡ್ಡ ಇಡಲು ಹೋದಳು, ಅಷ್ಟರಲ್ಲಿ ರಿಪೇರಿಯವಳು ಓದಿಬಿಟ್ಟಿದ್ದಳು.

"ಎರಡು ಬೆರಳು. ಇದು ನಾನಾ?"

ತಮ್ಮ ನೆಲಕ್ಕೆ ಬಗ್ಗಿ ಚರ್ಮದ ಚೂರು ಆಯತೊಡಗಿದ.

"ಶಾಲೇಲಿ ಇದಕ್ಕಿಂತ ಕೆಟ್ಟ ಹೆಸರಿತ್ತು," ಎಂದಳು ಅವಳು. "ಇದು ಅಳತೆನಾದ್ರೂ ಸರಿಯಾಗಿದೆ."

ಅಕ್ಕ ಕಪಾಟಿನಿಂದ ಹೊಸ ಹಾಳೆ ತೆಗೆದು ನೆಲದ ಮೇಲೆ ಹಾಸಿದಳು. ರಿಪೇರಿಯವಳು ಜೋಡು ಬಿಚ್ಚಿ ನಿಂತಳು. ಅಕ್ಕ ಮಂಡಿಯೂರಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಹಿಮ್ಮಡಿಯಿಂದ ಶುರುಮಾಡಿ ಸುತ್ತ ಬರೆದಳು. ತಮ್ಮ ಅವಳ ಗಿಡ್ಡ ಕಾಲಿನ ಕೆಳಗೆ ಒಂದೊಂದೇ ಹಲಗೆ ಸೇರಿಸುತ್ತ, ಹಿಂದೆ ನಿಂತು ಸೊಂಟ ಸಮವಾಗುವುದನ್ನು ನೋಡಿದ. ಎರಡು ಬೆರಳಿಗೆ ಸಮವಾಗಲಿಲ್ಲ. ಇನ್ನೊಂದು ತೆಳು ಹಲಗೆ ಬೇಕಾಯಿತು. ಬೆನ್ನು ನೋಯುತ್ತಾ ಎಂದು ಅವನು ಕೇಳಿದ. ಎರಡು ವರ್ಷದಿಂದ, ಕೂತು ಕೂತು ಬಂದದ್ದು ಅಂದುಕೊಂಡಿದ್ದೆ ಎಂದಳು. ಬೆಳಗಿನಿಂದ ಕೆತ್ತಿದ್ದ ಅಟ್ಟೆಯನ್ನು ಅವನು ಪಕ್ಕಕ್ಕೆಸೆದು ಹೊಸ ತುಂಡು ಎತ್ತಿಕೊಂಡ.

ಅವಳು ಒಂದು ಜೊತೆ ಜೋಡಿನಷ್ಟು ಕೂಲಿ ಹೇಳಿದಳು. ಅವನು ಚೌಕಾಸಿ ಮಾಡಲಿಲ್ಲ. ಅವಳಿಗೂ ಜೋಡಿನ ಬೆಲೆಯಲ್ಲಿ ಏನೂ ಬಿಡಲಿಲ್ಲ. ಚಿತ್ರಗಳ ಒಂದು ಪ್ರತಿ ಅಂಗಡಿಯಲ್ಲಿ ಉಳಿಯಿತು, ಡಿಸ್ಕಿಗೆ ಇಳಿಸಿಕೊಂಡ ಇನ್ನೊಂದನ್ನು ಅಕ್ಕ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದಳು. ಕಾಲಚ್ಚಿನ ಮೇಲಿನ ಬರಹವನ್ನು ಉಜ್ಜುಕಾಗದದಿಂದ ಉಜ್ಜಿಹಾಕಿದ್ದಾಗಿತ್ತು.

ಅಕ್ಕ ಹೋದ ಮೇಲೆ ತಮ್ಮ, ಚರ್ಮದ ಕವಚವನ್ನು ಮಡಿಲಲ್ಲಿ ಹಾಕಿಕೊಂಡು, ಉಣ್ಣೆಯ ಅಸ್ತರಿ ಕಿತ್ತು, ಹಿಂಬದಿಯನ್ನು ಪೂರ್ತಿ ಕತ್ತರಿಸಿ ತೆಗೆದ. ಮುಂದುಗಡೆ ಬೇಸಿಗೆಯ ಚಪ್ಪಲಿಗೆ ಮಾಡುವ ಹಾಗೆ ಸಾಲಾಗಿ ದೊಡ್ಡ ತೂತು ಹೊಡೆದ. ಡಬ್ಬಕ್ಕೆ ತೊಡಿಸಿ, ತೂತುಗಳ ಮುಂದೆ ಅಂಗೈ ಹಿಡಿದ. ಒಳಗೆ ಸೇರುವ ಗಾಳಿ ಬೆರಳ ಸಂದಿಯಲ್ಲಿ ತಣ್ಣಗೆ ಹಾದುಹೋಯಿತು.

ಮುನ್ನೂರ ಹನ್ನೊಂದು ಚಿತ್ರ ಉಳಿದವು. ಒಂದು ಹೋಯಿತು, ಅದನ್ನು ಸಂಜೆಯೊಳಗೆ ಮತ್ತೆ ಬರೆದಾಯಿತು. ಈಗ ಅದರ ಅಳತೆ ಎರಡೂಕಾಲು ಬೆರಳು.