ಬರೀ ನೀರು

"ಅದು ಅಪ್ಪನ ಜಾಗವೇ ಅಲ್ಲ ಕಣೇ," ಎಂದು ಅಣ್ಣ ಹುಟ್ಟು ಹಾಕುವುದನ್ನು ನಿಲ್ಲಿಸಿಬಿಟ್ಟ. ದೋಣಿ ಹಿನ್ನೀರಿನ ನಡುವೆ ಮೂತಿ ತಿರುಗಿಸಿ, ಎತ್ತ ಹೋಗುವುದೆಂದು ತಿಳಿಯದೆ ಸುಮ್ಮನಾಯಿತು.

ಪುಟ್ಟಿ ಮಡಿಲಲ್ಲಿದ್ದ ಸ್ಟೀಲ್ ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅಪ್ಪ ಬುತ್ತಿ ಒಯ್ಯುತ್ತಿದ್ದ ಡಬ್ಬಿ. ಈಗ ಅದರೊಳಗೆ ಅಪ್ಪನೇ ಇದ್ದ, ಬೂದಿಯಾಗಿ. ಅವಳು ಅಂದುಕೊಂಡದ್ದಕ್ಕಿಂತ ಭಾರವಾಗಿದ್ದ.

"ವಾಲಿದ ಮರದ ಹತ್ರ, ಬಂಡೆ ಪಕ್ಕ. ನನಗೆ ಅಪ್ಪಾನೇ ತೋರಿಸಿದ್ದು. ನಿನಗೆ ಮಾತ್ರ ಅಂತ."

"ನನಗೂ ಅಪ್ಪಾನೇ ತೋರಿಸಿದ್ದು. ಹಳೇ ಸೇತುವೆ ಕೆಳಗಿನ ಮಡು. ಯಾರಿಗೂ ಹೇಳ್ಬೇಡ, ಮುಖ್ಯವಾಗಿ ಪುಟ್ಟಿಗೆ ಹೇಳ್ಬೇಡ ಅಂದಿದ್ದ."

ದೋಣಿಯ ಹಿಂಬದಿಯಲ್ಲಿ ಕೂತಿದ್ದ ಕತ್ತರಿ ಮಾಮ ಕೆಮ್ಮಿದ. ಕ್ಷೌರದಂಗಡಿಯವನು. ಗಾಳ ಹಾಕಲು ಅಪ್ಪ ಜೊತೆಗೆ ಕರೆದೊಯ್ಯುತ್ತಿದ್ದ ಒಬ್ಬನೇ ಗೆಳೆಯ. "ಇಬ್ರಿಗೂ ಬೇಜಾರಾಗಲ್ಲ ಅಂದ್ರೆ ಒಂದ್ಮಾತು," ಎಂದ. "ಅವನ ಜಾಗ ಕಾಲುವೆ ಸೇರೋ ಕಡೆ. ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಸ್ಪತ್ರೆಯ ಮಂಚದಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: "ನನ್ನನ್ನು ನನ್ನ ಜಾಗದಲ್ಲಿ ಬಿಟ್ಟುಬಿಡಿ." ಆಮೇಲೆ ಕಣ್ಣು ಮುಚ್ಚಿದ್ದ. ಮಂಚದ ಸುತ್ತ ನಿಂತ ಮೂವರೂ ತಲೆಯಾಡಿಸಿದ್ದರು. ತನಗೆ ಮಾತ್ರ ಗೊತ್ತು ಎಂಬ ಧೈರ್ಯದಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ.

ವಾರವೆಲ್ಲ ಅಪ್ಪ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಎತ್ತರದ ಕಟ್ಟಡಗಳ ಹೊಟ್ಟೆಯೊಳಗಿನ ಕತ್ತಲ ಗುಂಡಿಗಳಲ್ಲಿ, ಗ್ರೀಸು ಮೆತ್ತಿದ ಹಗ್ಗಗಳ ನಡುವೆ ಅವನ ಕೆಲಸ. ರಜೆ ಬಂತೆಂದರೆ ಮನೆಯ ಗೋಡೆಗಳು ಅವನನ್ನು ಕಚ್ಚುತ್ತಿದ್ದವು. ಗುಡ್ಡ ಹತ್ತುತ್ತಿದ್ದ, ಕಾಡು ಸುತ್ತುತ್ತಿದ್ದ, ಬಯಲಲ್ಲಿ ಮಲಗುತ್ತಿದ್ದ. ಹಕ್ಕಿ ಕೂಗಿದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದ. ಆದರೆ ಮೀನಿನ ವಿಷಯಕ್ಕೆ ಬಂದರೆ ಮಾತ್ರ ಗಾಳದವರೆಲ್ಲರ ಹಾಗೆ ಅವನೂ ಬಾಯಿಬಿಡುತ್ತಿರಲಿಲ್ಲ. ದಡದಲ್ಲಿ ಹೋಗುವವರು ಯಾರಾದರೂ "ಏನಾದ್ರೂ ಇದೆಯಾ?" ಎಂದು ಕೇಳಿದರೆ, ಬುಟ್ಟಿಯ ಮೇಲೆ ಟವೆಲ್ ಎಳೆದು, "ಏನಿಲ್ಲ, ಬರೀ ನೀರು," ಅನ್ನುತ್ತಿದ್ದ.

"ಮೊದಲು ಹತ್ತಿರದ್ದಕ್ಕೆ ಹೋಗೋಣ," ಎಂದು ಅಣ್ಣ ಹುಟ್ಟೆತ್ತಿದ. ಹತ್ತಿರದ್ದು ವಾಲಿದ ಮರ.

ಮರ ಕಾಣುತ್ತಲೇ ಕತ್ತರಿ ಮಾಮ ಫಕ್ಕನೆ ನಕ್ಕುಬಿಟ್ಟ. "ಇದಾ? ಏ ಪುಟ್ಟಿ, ಇಲ್ಲೆಲ್ಲಿ ಮೀನೇ? ಮೊಣಕಾಲುದ್ದ ನೀರು. ಎಮ್ಮೆ ತೊಳೆಯೋಕೂ ಸಾಲಲ್ಲ."

"ಮತ್ತೆ ನಾನು ಹಿಡಿದಿದ್ದು?" ಎಂದಳು ಪುಟ್ಟಿ. ಆ ಫೋಟೊ ಇಂದಿಗೂ ಮನೆಯ ಗೋಡೆಯಲ್ಲಿತ್ತು. ಹಲ್ಲು ಬಿದ್ದ ಹುಡುಗಿ, ಅವಳ ತೋಳಿಗಿಂತ ಉದ್ದದ ಮೀನು, ಹಿಂದೆ ಇದೇ ಮರ.

ಕತ್ತರಿ ಮಾಮನ ನಗು ನಿಂತಿತು. ಅವನು ನೀರಿಗೆ ಬೆರಳು ಅದ್ದಿ ತೆಗೆದ. "ನೋಡಮ್ಮ, ನಾನು ಕಣ್ಣಾರೆ ಕಂಡಿಲ್ಲ. ಆದ್ರೆ ಆವತ್ತು ಬೆಳಿಗ್ಗೆ ನಾವಿಬ್ರೂ ದೋಣೀಲಿ ಹೋಗಿ ಬಂದ್ಮೇಲೆ ನನ್ನ ಬುಟ್ಟೀಲಿ ಒಂದು ಮೀನು ಕಡಿಮೆ ಇತ್ತು. ದೊಡ್ಡದು. ಬೆಕ್ಕು ತಗೊಂಡು ಹೋಯ್ತು ಅಂದ ನಿಮ್ಮಪ್ಪ. ನೀರಿನ ನಡುವೆ ಯಾವ ಬೆಕ್ಕಯ್ಯ ಅಂತ ಅವನು ಸಾಯೋವರೆಗೂ ಜಗಳಾಡಿದೀನಿ."

ಅಣ್ಣ ಮೊದಲು ಕಿಸಕ್ಕೆಂದ. ಆಮೇಲೆ ತಂಗಿಯ ಮುಖ ನೋಡಿ ಹುಟ್ಟನ್ನು ಮಡಿಲಿಗೆ ಎಳೆದುಕೊಂಡ.

ಪುಟ್ಟಿಗೆ ನೆನಪಾಯಿತು. "ಚೀಲದಿಂದ ಫ್ಲಾಸ್ಕ್ ತಗೊಂಡು ಬಾ," ಎಂದು ಅಪ್ಪ ಅವಳನ್ನು ಬಂಡೆಯ ಹಿಂದಕ್ಕೆ ಕಳಿಸಿದ್ದ. ಬರುವಷ್ಟರಲ್ಲಿ ಗಾಳದ ಬೆಂಡು ಮುಳುಗಿತ್ತು. ಮೀನು ಜಗ್ಗಾಡಲಿಲ್ಲ, ಸುಸ್ತಾದ ನೆಂಟನ ಹಾಗೆ ಮೇಲೆ ಬಂತು. ನಿನ್ನ ಕೈಗುಣ ಎಂದು ಅಪ್ಪ ಹೇಳಿದ್ದ. ಆ ಒಂದು ಮಾತನ್ನು ನೆಚ್ಚಿಕೊಂಡು ಅವಳು ಎಷ್ಟೋ ಕಡೆ ಕೈ ಹಾಕಿದ್ದಳು, ಪರೀಕ್ಷೆಗೆ, ಕೆಲಸಕ್ಕೆ, ಮದುವೆಗೆ. ಈಗ ಅಪ್ಪನ ಮೇಲೆ ಸಿಟ್ಟು ಬರಬೇಕೋ, ಮತ್ತೇನಾದರೂ ಬರಬೇಕೋ ತಿಳಿಯಲಿಲ್ಲ.

"ಹಂಗಾದ್ರೆ ನನ್ನ ಸೇತುವೆ?" ಎಂದ ಅಣ್ಣ, ಅಳುಕುತ್ತ.

"ಅಲ್ಲಿ ಮೀನಿದಾವೆ ಕಣಪ್ಪ. ಆದ್ರೆ ಮೇಲೆ ಲಾರಿ ಹೋದ್ರೆ ನಿಮ್ಮಪ್ಪ ಮೈಯೆಲ್ಲ ಉರ್ಕೊಳ್ತಿದ್ದ. ಅಲ್ಲಿ ಯಾಕೆ ಕೂರ್ತಾನೆ?"

"ನಿಮ್ಮ ಕಾಲುವೆ?"

ಕತ್ತರಿ ಮಾಮ ತನ್ನ ಬೋಳು ತಲೆ ಸವರಿಕೊಂಡ. "ಅದನ್ನೇ ಯೋಚಿಸ್ತಿದೀನಿ. ಇಷ್ಟು ವರ್ಷದಲ್ಲಿ ಅಲ್ಲಿ ನನಗೆ ಒಂದೂ ಸಿಕ್ಕಿಲ್ಲ."

ಯಾರೂ ನಗಲಿಲ್ಲ. ಅಪ್ಪ ಒಬ್ಬನೇ ಹೋಗುತ್ತಿದ್ದ ದಿನಗಳೂ ಇದ್ದವು. ಆ ದಿನಗಳಲ್ಲೇ ಬುಟ್ಟಿ ತುಂಬಿ ಬರುತ್ತಿತ್ತು. ಹಿನ್ನೀರು ನಾಲ್ಕೂ ಕಡೆ ಗುಡ್ಡದ ಬುಡದವರೆಗೆ ಹರಡಿಕೊಂಡಿತ್ತು. ಅದರಲ್ಲಿ ಯಾವ ಮೂಲೆಯೂ ಆಗಬಹುದಿತ್ತು.

"ವಾಪಸ್ ಹೋಗೋಣ. ಇನ್ನೊಂದ್ಸಲ ಯೋಚ್ನೆ ಮಾಡಿ ಬರೋಣ," ಎಂದ ಅಣ್ಣ.

ಪುಟ್ಟಿ ಎದ್ದಳು. ಚಪ್ಪಲಿ ಬಿಟ್ಟು, ಡಬ್ಬಿಯನ್ನು ಎದೆಗವಚಿಕೊಂಡು ದೋಣಿಯಿಂದ ಇಳಿದಳು. ಅಂದು ಅವಳ ಸೊಂಟಕ್ಕೆ ಬರುತ್ತಿದ್ದ ನೀರು ಈಗ ಮೊಣಕಾಲು ಮುಟ್ಟಲಿಲ್ಲ. ತಳದ ಮರಳು ಮೆತ್ತಗಿತ್ತು, ಕಲ್ಲಿಲ್ಲ, ಹಳ್ಳವಿಲ್ಲ. ಮಗುವೊಂದು ಜಾರಿ ಬಿದ್ದರೂ ಎದ್ದು ನಿಲ್ಲಬಹುದಾದ ಜಾಗ.

ಮುಚ್ಚಳ ತೆಗೆದು ಬಗ್ಗಿಸಿದಳು.

ಹರಿವೇ ಇಲ್ಲದ ನೀರು. ಬೂದಿಯಲ್ಲಿ ಅರ್ಧ ಕೆಳಗಿಳಿಯಿತು, ಉಳಿದರ್ಧ ಎಲ್ಲಿಗೂ ಹೋಗದೆ ಅವಳ ಕಾಲುಗಳ ಸುತ್ತಲೇ ತೇಲುತ್ತ ನಿಂತಿತು. ಹೆಜ್ಜೆಯೆತ್ತಿದರೆ ಅಪ್ಪನನ್ನು ತುಳಿದಂತಾಗುತ್ತದೆ. ಎತ್ತದಿದ್ದರೆ ಹೀಗೇ ನಿಂತಿರಬೇಕು. ಅವಳು ನಿಂತಳು.

"ಎಷ್ಟು ಹೊತ್ತೇ?" ಅಣ್ಣ ಕೂಗಿದ.

"ಗೊತ್ತಿಲ್ಲ."

ಆಗ ಹಿಮ್ಮಡಿಗೆ ಏನೋ ತಾಗಿತು. ಬಗ್ಗಿ ನೋಡಿದಳು. ವಾಲಿದ ಮರದ ಬೇರುಗಳು ನೀರಿನೊಳಗೆ ಗುಹೆಯ ಹಾಗೆ ಬಾಯ್ತೆರೆದಿದ್ದವು. ಅಲ್ಲಿಂದ ಒಂದು ಕಪ್ಪು ನೆರಳು ನಿಧಾನವಾಗಿ ಹೊರಬಂತು, ಅದರ ಹಿಂದೆ ಇನ್ನೊಂದು. ಬೂದಿಯನ್ನು ಕೆಳಗಿನಿಂದ ಮೂಸಿ ನೋಡಿ, ದಪ್ಪ ತುಟಿಗಳಿಂದ ನೀರಿನ ಮೇಲೆ ಸಣ್ಣ ಉಂಗುರಗಳನ್ನು ಬಿಡಿಸಿದವು.

ಕತ್ತರಿ ಮಾಮ ದೋಣಿಯಿಂದಲೇ ಕತ್ತು ಉದ್ದ ಮಾಡಿದ. "ಏನೇ ಪುಟ್ಟಿ? ಏನಾದ್ರೂ ಇದೆಯಾ ಅಲ್ಲಿ?"

ಅವಳು ನೀರಿನ ಮೇಲೆ ಸೆರಗು ಹರಡಿದಳು.

"ಏನಿಲ್ಲ ಮಾಮ," ಎಂದಳು. "ಬರೀ ನೀರು."