ಮೀನಿಗೆ ಒಳಲೆ ಹಾಲು

ನಮ್ಮ ಮನೆಗೆ ಮೊಟ್ಟೆ ಬರಬಾರದು ಅಂತ ನಾನು ಹೇಳಿದ್ದು ನಿಜ. ಕೊಟ್ಟೂರಿನಿಂದ ಬಸವೇಶ್ವರನಗರಕ್ಕೆ ಬಂದು ಇಷ್ಟು ವರ್ಷವಾದರೂ ಬಿಡದ ನೇಮವನ್ನು ಸೊಸೆ ಮೀನು ಸಾಕುತ್ತಾಳೆ ಅಂತ ಬಿಡುವುದಕ್ಕಾಗುತ್ತದೆಯೇ? ಹೇಳಿದ್ದು ತಪ್ಪು ಅಂತ ಇವತ್ತಿಗೂ ನನಗೆ ಅನ್ನಿಸಿಲ್ಲ.

ಸೊಸೆ ರಕ್ಷಾ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನ ಆಫೀಸಿನಲ್ಲಿದ್ದಳು. ವರ್ಕ್‌ಶಾಪು ಮುಚ್ಚಿತು. ಬೇರೆ ಕೆಲಸ ಹುಡುಕುವುದು ಬಿಟ್ಟು, ಟೆರೇಸಿನ ಮೇಲೆ ಟಾರ್ಪಾಲಿನ್ ತೊಟ್ಟಿ ಹಾಕಿ ಗೋಲ್ಡ್‌ಫಿಶ್ ಮರಿ ಮಾಡಿಸಿ ಮಾರುತ್ತೇನೆ ಅಂದಳು. ಕೆಂಗೇರಿ ಕಡೆ ಹೊಸ ಮನೆಯವರು ಅಂಗಳದಲ್ಲಿ ಪುಟ್ಟ ಕೊಳ ಮಾಡಿಸಿಕೊಳ್ಳುತ್ತಾರಂತೆ. ಆ ಕೊಳ ಕಟ್ಟಿಕೊಡುವ ರವಿಕುಮಾರ್ ಅನ್ನುವವನು ಮೀನು ಕೊಳ್ಳಲು ಒಪ್ಪಿದ್ದನಂತೆ. ಕೊನೆಗೆ ಮೀನು ಮಾರುವ ಮನೆ ಅನ್ನಿಸಿಕೊಳ್ಳಬೇಕಾಯಿತಲ್ಲ ಅಂತ ನಾನು ಮಾತು ಬಿಟ್ಟೆ. ನಾನು ಮಾತು ಬಿಟ್ಟಿರುವಾಗಲೇ ಅವಳು ತೊಟ್ಟಿಗೆ ನೀರು ಬಿಟ್ಟಳು.

ಮೊದಲನೆಯ ಸಲ ಇಟ್ಟ ಮೊಟ್ಟೆಗಳನ್ನು ದೊಡ್ಡ ಮೀನುಗಳೇ ತಿಂದು ಮುಗಿಸಿದವು. ಎರಡನೆಯ ಸಲ ದೊಡ್ಡವನ್ನು ಬೇರೆ ತೊಟ್ಟಿಗೆ ಹಾಕಿದಳು. ಮರಿಗಳೇನೋ ಹೊರಬಂದವು, ಆಮೇಲೆ ಹಸಿದು ಸತ್ತವು. ಆ ಮರಿಯ ಬಾಯಿ ಸೂಜಿ ಮೊನೆಯಷ್ಟು, ಅಂಗಡಿಯ ಆಹಾರ ಅದರೊಳಗೆ ಹೋಗುವುದಿಲ್ಲ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕಬೇಕು ಅಂತ ಅವಳು ಕೇಳಿದವರೆಲ್ಲ ಹೇಳಿದರು, ಮೊಬೈಲೂ ಹೇಳಿತು. ನಾನು ಸುತಾರಾಂ ಬೇಡ ಅಂದೆ. "ಆಗ್ಲಿ ಅತ್ತೆ" ಅಂದಳು.

ನನ್ನ ಮಗ ಕೊಟ್ರೇಶ ಟೇಪು ತಂದು ಟೆರೇಸು ಅಳೆದ. "ಇನ್ನೊಂದ್ ಸಲ ನೋಡೋಣ ರಕ್ಷಾ. ಆಗ್ಲಿಲ್ಲ ಅಂದ್ರೆ ತೊಟ್ಟಿ ತೆಗ್ಸಿ ಇಲ್ಲೊಂದು ರೂಮ್ ಹಾಕಿ ಬಾಡಿಗೆಗೆ ಕೊಟ್ಬಿಡೋಣ."

"ಆಗತ್ತೆ" ಅಂದಳು ರಕ್ಷಾ.

ಮೂರನೆಯ ಸಲ, ಮೊಟ್ಟೆ ಇಡಲಿ ಅಂತ ತೊಟ್ಟಿಯೊಳಗೆ ಇಳಿಬಿಟ್ಟಿದ್ದ ನೈಲಾನ್ ಹಗ್ಗದ ಎಳೆಗಳ ತುಂಬ ಸಣ್ಣ ಸಬ್ಬಕ್ಕಿಯಂತೆ ಮೊಟ್ಟೆ ಅಂಟಿಕೊಂಡಿದ್ದವು. ನನ್ನನ್ನು ಮೇಲೆ ಕರೆದು ತೋರಿಸಿದಳು.

"ಮನೆಗೆ ಮೊಟ್ಟೆ ಬರಬಾರ್ದು ಅಂದ್ರಲ್ಲ ಅತ್ತೆ. ಎಷ್ಟಿವೆ ನೋಡಿ."

"ಅವು ಬಂದದ್ದಲ್ಲ, ಇಲ್ಲೇ ಹುಟ್ಟಿದ್ದು. ಹೊಸ್ತಿಲು ದಾಟಿಲ್ಲ ಬಿಡು" ಅಂದೆ. ನಗು ಬಂತು, ತೋರಿಸಿಕೊಳ್ಳಲಿಲ್ಲ.

ಮರಿಗಳು ಈಜತೊಡಗಿದ ದಿನ ಅವಳು ಸೋಯಾ ಕಾಳು ರುಬ್ಬಿ, ಬಟ್ಟೆಯಲ್ಲಿ ಸೋಸಿ ಹಾಲು ಮಾಡಿದಳು. ಮೊಟ್ಟೆಯಿಲ್ಲದ ಈ ದಾರಿಯನ್ನು ಎಲ್ಲಿಂದಲೋ ಹುಡುಕಿದ್ದಳು. ನನ್ನ ಕಣ್ಣು ತಪ್ಪಿಸಿ ಏನನ್ನೂ ತಂದವಳಲ್ಲ, ಅದನ್ನು ಹೇಳಲೇಬೇಕು. ಆದರೆ ಲೋಟದ ತುಂಬ ಹಾಲನ್ನು ಒಮ್ಮೆಗೇ ಸುರಿದುಬಿಟ್ಟಳು. ನೀರು ಹುಳಿ ವಾಸನೆ ಹೊಡೆಯಿತು, ಎಷ್ಟೋ ಮರಿಗಳು ತಳಕ್ಕೆ ಬಿದ್ದವು. ನೀರು ಬದಲಿಸಿ ಸ್ವಲ್ಪವೇ ಹಾಕಿದಳು. ಅದು ಹಾಕಿದ ಮೂಲೆಯಲ್ಲೇ ನಿಂತಿತು. ದೂರದ ಮರಿಗಳಿಗೆ ಸಿಗದೆ ಮತ್ತಷ್ಟು ಸತ್ತವು.

ಸತ್ತ ಮರಿಗಳನ್ನು ತಟ್ಟೆಗೆ ತೆಗೆದು ನೋಡುತ್ತ ಕೂತಿದ್ದಳು. ಅತ್ತಿದ್ದರೆ ಸಮಾಧಾನ ಹೇಳಿ ಕೆಳಗಿಳಿಯುತ್ತಿದ್ದೆ. ಅಳದೆ ಕೂತವಳನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನೆಟ್ಟಗೆ ಪಕ್ಕದ ಮನೆಯ ಬೋರಮ್ಮನ ಬಾಗಿಲಿಗೆ ಹೋದೆ.

"ಬೋರಮ್ಮ, ಒಂದು ಮೊಟ್ಟಿ ಬೇಯ್ಸಿ ಕೊಡು."

ಬೋರಮ್ಮ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು. "ಯಾಕ್ ಶಿವಕ್ಕ, ಡಾಕ್ಟ್ರು ತಿನ್ನಕ್ಕೆ ಹೇಳವ್ರಾ?"

"ನನಗಲ್ಲವಾ. ಮೀನಿಗೆ."

"ನಾವ್ ಮೀನ್ ತಿಂತೀವಿ, ನೀವ್ ಮೀನಿಗೇ ತಿನ್ನುಸ್ತೀರ. ಚೆನ್ನಾಗದೆ ಬುಡಿ." ಹಾಗೆ ಆಡಿಕೊಂಡರೂ ಬೇಯಿಸಿ, ಸುಲಿದು, ಡಬ್ಬಿಗೆ ಹಾಕಿ ಕೊಟ್ಟಳು.

ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದೆ. ರಕ್ಷಾ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು.

"ಬೇಡ ಅತ್ತೆ. ವಾಪಸ್ ಕೊಟ್ಬಿಡಿ."

"ಬ್ಯಾಡ ಅಂದಾಕಿನೂ ನಾನ, ತಂದಾಕಿನೂ ನಾನ. ಹಾಕು."

"ನಿಮ್ಮ ನೇಮ ಮುರಿದು ನನ್ನ ಮೀನು ಬದುಕಿದ್ರೆ, ನೀವು ಪೂಜೆಗೆ ಕೂತಾಗೆಲ್ಲ ನಂಗೆ ಇದೇ ನೆನಪಾಗತ್ತೆ. ಆಗ್ಲಿ ಅಂತ ಒಪ್ಕೊಂಡಿದ್ದೀನಿ. ಹಾಗೇ ಮಾಡ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ನೇಮವನ್ನು ನನ್ನಿಂದಲೇ ಕಾಯಲು ನಿಂತಿದ್ದಾಳಲ್ಲ, ಇದೆಂಥ ಹಟ?

"ಹಂಗಾದ್ರ ಸುರಿಯೋದು ಬಿಡು. ಕೂಸಿಗೆ ಯಾರಾದ್ರೂ ಲೋಟದಾಗ ಹಾಲು ಸುರೀತಾರೇನು?"

ಕೆಳಗೆ ಹೋಗಿ, ಡಬ್ಬಿಯನ್ನು ಬೋರಮ್ಮನಿಗೆ ವಾಪಸ್ ಕೊಟ್ಟು ಬಂದು, ಟ್ರಂಕಿನಿಂದ ಒಳಲೆ ತೆಗೆದೆ. ಕೊಟ್ರೇಶ ಕೂಸಾಗಿದ್ದಾಗ ಹಾಲು ಹಾಕುತ್ತಿದ್ದ, ಮೂತಿ ಚೂಪಾದ ಪುಟ್ಟ ಬೆಳ್ಳಿ ಬಟ್ಟಲು. ಸೋಯಾ ಹಾಲಿಗೆ ನೀರು ಬೆರೆಸಿ ತೆಳ್ಳಗೆ ಮಾಡಿಕೊಂಡು, ತೊಟ್ಟಿಯ ಸುತ್ತ ನಡೆಯುತ್ತ ಹನಿ ಹನಿಯಾಗಿ ಬಿಟ್ಟೆ. ಒಂದು ಸುತ್ತಿಗೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸುತ್ತು ಬಂದೆ. ಕೂಸಿಗಾದರೂ ಹಾಗೇ ತಾನೇ ಕುಡಿಸುವುದು? ಮಂಡಿನೋವು ಅಂತ ಬೀದಿಯ ಕೊನೆಗೆ ಹೋಗಲೂ ಆಟೋ ಕೇಳುವವಳು, ಆ ದಿನ ಎಷ್ಟು ಸುತ್ತು ಹಾಕಿದೆನೋ ಗೊತ್ತಿಲ್ಲ. ರುಬ್ಬುವುದು, ಸೋಸುವುದು, ತಳದ ಕೊಳೆಯನ್ನು ಪೈಪಿನಲ್ಲಿ ಎಳೆಯುವುದು ಎಲ್ಲ ರಕ್ಷಾಳ ಪಾಲಿಗೆ ಬಂತು. ಕಾವೇರಿ ನೀರನ್ನು ಡ್ರಮ್ಮಿನಲ್ಲಿ ಬಿಸಿಲಿಗಿಟ್ಟು, ಔಷಧಿ ವಾಸನೆ ಹೋದ ಮೇಲೆಯೇ ತೊಟ್ಟಿಗೆ ಬಿಡುತ್ತಿದ್ದಳು.

ಹೀಗೇ ಕೆಲವು ದಿನ ನಡೆಯಿತು. ಒಂದು ಬೆಳಗ್ಗೆ ಅವಳು ಮೇಲಿನಿಂದ ಕೂಗಿದಳು. "ಅತ್ತೆ, ಬಂದು ಹೊಟ್ಟೆ ನೋಡಿ." ಗಾಜಿನಂಥ ಮೈಯೊಳಗೆ ಒಂದೊಂದು ಬಿಳಿ ಚುಕ್ಕಿ ಕಂಡಿತು. ಹಾಲು ಕುಡಿದ ಹೊಟ್ಟೆ ಅದು. ನನ್ನ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ?

ಅರ್ಧಕ್ಕಿಂತ ಹೆಚ್ಚು ಹೋಗಿದ್ದವು. ಉಳಿದವು ಗಟ್ಟಿಯಾದವು. ತಿಂಗಳುಗಟ್ಟಲೆ ಮಣ್ಣಿನ ಬಣ್ಣದಲ್ಲೇ ಇದ್ದು, "ಇದೇನ್ ಗೋಲ್ಡ್ ಅಮ್ಮ" ಅಂತ ಕೊಟ್ರೇಶನ ಬಾಯಲ್ಲಿ ಅನ್ನಿಸಿಕೊಂಡು, ಆಮೇಲೆ ಒಂದೊಂದೇ ಕಿತ್ತಳೆ ಬಣ್ಣಕ್ಕೆ ತಿರುಗಿದವು. ರವಿಕುಮಾರ್ ಬಂದು ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

"ಕಲರ್ ಚೆನ್ನಾಗಿದೆ ಮೇಡಂ. ಸೈಜ್ ಸ್ವಲ್ಪ ಕಮ್ಮಿ. ಮುಂದಿನ ಸಲ ಮೊಟ್ಟೆ ಹಳದಿ ಹಾಕಿ, ಬೇಗ ಬೆಳೀತವೆ."

ಕೊಟ್ರೇಶ ನನ್ನ ಮುಖ ನೋಡಿದ. "ಮೀನು ಆಕಿದು. ಆಕೀನ ಕೇಳ್ರಿ" ಅಂದೆ.

"ಬೇಡ ಸಾರ್" ಅಂದಳು ರಕ್ಷಾ. "ಸೈಜ್ ಬೇಕಂದ್ರೆ ಇನ್ನೂ ಸ್ವಲ್ಪ ದಿನ ಕಾಯಿರಿ. ನಮ್ಮಲ್ಲಿ ಹಾಲು ಹಾಕೋಕೆ ಅತ್ತೆ ಇದಾರೆ."

ಅವನು ನಕ್ಕು, ಬಣ್ಣ ಬಂದ ಮೀನುಗಳನ್ನೆಲ್ಲ ಗಾಳಿ ತುಂಬಿದ ಕವರುಗಳಲ್ಲಿ ತೆಗೆದುಕೊಂಡ. ಮುಂದಿನ ಮರಿಗಳನ್ನೂ ತನಗೇ ಕೊಡಬೇಕು ಅಂತ ಹೇಳಿ ಹೋದ.

ಯಜಮಾನರು ಹೋದ ಮೇಲೆ ಈ ಮನೆಯಲ್ಲಿ ಎಲ್ಲರೂ ನನಗೆ "ನೀವು ಕೂತ್ಕೊಳ್ಳಿ" ಅಂತಲೇ ಹೇಳುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಕೂತು ಕೂತು ನನಗೆ ಸಾಕಾಗಿತ್ತು. ಅತ್ತೆ ಇದಾರೆ ಅಂತ ಅವಳು ಹೊರಗಿನವನ ಮುಂದೆ ಹೇಳಿದಾಗ ಆದ ಸಂತೋಷ ಯಾವ ಹಬ್ಬದಲ್ಲೂ ಆಗಿರಲಿಲ್ಲ.

ಸಂಜೆ ಕೊಟ್ರೇಶ ಟೇಪು ಹಿಡಿದು ಮತ್ತೆ ಟೆರೇಸಿಗೆ ಬಂದ. ಇನ್ನೊಂದು ಮರಿತೊಟ್ಟಿಗೆ ಅಂತ ಗೋಡೆಗೆ ಒತ್ತಿ ಗೆರೆ ಎಳೆಯುತ್ತಿದ್ದ.

"ಗ್ವಾಡಿಗೆ ತಾಗಿಸಬ್ಯಾಡೋ" ಅಂದೆ. "ಸುತ್ತ ನಡಿಯಾಕ ನನಗ ಜಾಗ ಬಿಡು."