ಹಗರೆ ದಾಟಿದ ಮೇಲೆ

ಆಂಬುಲೆನ್ಸಿನ ಕಿಟಕಿಯಾಚೆ ಜೋಳದ ಹೊಲ ಓಡುತ್ತಿದೆ, ಹಸಿರೋ ಹಸಿರು, ಅದನ್ನಲ್ಲ, ಕೈ ನೋಡು ಅಕ್ಷತಾ, ಒತ್ತು, ಬಿಡು, ಒತ್ತು, ಬಿಡು — ರಬ್ಬರಿನ ಗಾಳಿಚೀಲ ಅವಳ ಮುಷ್ಟಿಯಲ್ಲಿ ತಗ್ಗಿದಾಗ ಕೂಸಿನ ಎದೆ ಉಬ್ಬುತ್ತದೆ, ಹುಲಿಕೆರೆಯ ನಂದಿತಾಳ ಮಗಳು ಸಿರಿ, ಇನ್ನೂ ಹಲ್ಲು ಬಂದಿಲ್ಲ, ನ್ಯುಮೋನಿಯಾ, ಬೇಲೂರಿನಲ್ಲಿ ಉಸಿರು ಸೋತಾಗ ಗಂಟಲಿಗೆ ಕೊಳವೆ ಇಳಿಸಿದವಳು ಇವಳೇ, ಮಕ್ಕಳ ಡಾಕ್ಟರಾಗುವ ಓದಿನ ಕೊನೆಯ ವರ್ಷ, ಹಾಸನದ ದೊಡ್ಡಾಸ್ಪತ್ರೆ ಮುಟ್ಟುವವರೆಗೆ ಈ ಕೂಸಿನ ಉಸಿರು ಇವಳ ಕೈಯಲ್ಲಿ, ಇದೇ ಕೈ ಬೇಡವೆಂದಲ್ಲವೇ ಅರಸೀಕೆರೆಗೆ ಹೋಗಿ ಅಪ್ಪನ ಮುಂದೆ ಅತ್ತದ್ದು, ಕೊಬ್ಬರಿ ಮಂಡಿಯ ಆ ಸಿಹಿ ಘಾಟಿನ ನಡುವೆ, ನನ್ನ ಕೈಲಾಗಲ್ಲ ಅಪ್ಪ, ಬಿಟ್ಬಿಡ್ತೀನಿ, ಅಪ್ಪ ಚೀಲ ಹೊಲಿಯುವುದನ್ನು ನಿಲ್ಲಿಸಿ, ಪರೀಕ್ಷೆ ಒಂದು ಮುಗಿಸ್ಕೊಂಡ್ ಬಾರಮ್ಮ, ಆಮೇಲೆ ನೋಡಾಣ — ಪರೀಕ್ಷೆಯ ಮಾತಾಗಿರಲಿಲ್ಲ ಅದು, ಅರೇಹಳ್ಳಿಯಿಂದ ಬಂದು ಇವಳ ಕೈಯಲ್ಲೇ ತೀರಿಕೊಂಡ ಕೂಸಿನ ಮಾತು, ಹೋದ ತಿಂಗಳು, ಯಾರದೂ ತಪ್ಪಿಲ್ಲ ಎಂದರು ಎಲ್ಲರೂ, ಹೋಗಿ ಊಟ ಮಾಡು ಎಂದರು, ಅನ್ನ ಕಲಸಿದ ಬೆರಳುಗಳನ್ನು ನೋಡುತ್ತ ಕೂತಿದ್ದಳು. ಹಗರೆ ದಾಟಿದ್ವಿ ಮೇಡಂ, ಇನ್ನೊಂದ್ ಚೂರು, ಮುಂದಿನಿಂದ ಡ್ರೈವರ್ ಗಂಗಾಧರಪ್ಪನ ಕೂಗು, ಆಗಲೇ ಹಂಪು, ಗಾಡಿ ಎಗರಿ ಬಿತ್ತು, ಒತ್ತಿದಳು, ಎದೆ ಏಳಲಿಲ್ಲ.

ಮತ್ತೆ ಒತ್ತಿದಳು, ಎದೆಯಲ್ಲ, ಹೊಟ್ಟೆ ಉಬ್ಬಿತು. ಮೇಡಂ, ಉಗುರ್ಯಾಕೆ ನೀಲಿ ಆಯ್ತೈತೆ — ನಂದಿತಾ ಮಗಳ ಕೈ ಹಿಡಿದುಕೊಂಡೇ ಕೇಳುತ್ತಿದ್ದಾಳೆ, ಕೊಳವೆ ಅನ್ನನಾಳಕ್ಕೆ ಜಾರಿದೆ, ಜಾರಿರಬೇಕು, ಜಾರಿರದಿದ್ದರೆ, ಅದೊಂದೇ ದಾರಿಯನ್ನೂ ಕಿತ್ತುಹಾಕಿದಂತಾದರೆ, ಇಂಜಿನ್ ಸದ್ದಿನಲ್ಲಿ ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಏನು ಕೇಳೀತು, ಪಾಠ ಹೇಳುವ ಸರ್ ವಾರ್ಡಿನಲ್ಲಿ ಬೈಯುತ್ತಿದ್ದದ್ದು ಕೇಳಿಸಿತು, ಉಳಿಸಬೇಕಾದ್ದು ಟ್ಯೂಬನ್ನಲ್ಲ, ಮಗೂನ, ಅನುಮಾನ ಬಂದ್ರೆ ತೆಗಿ — ಗಾಡಿ ನಿಲ್ಸಿ ಗಂಗಾಧರಪ್ಪೋರೆ! ತನ್ನದೇ ದನಿಯೇ ಅದು, ಅಂಟುಪಟ್ಟಿ ಕಿತ್ತಳು, ಕೊಳವೆ ಎಳೆದಳು, ಪುಟ್ಟ ಮುಖಕ್ಕೆ ಮಾಸ್ಕ್ ಒತ್ತಿ ಗದ್ದ ಎತ್ತಿ ಹಿಡಿದಳು, ಒತ್ತು, ಏಳು ಕಂದ, ಒತ್ತು, ಎದೆ ಎದ್ದಿತು, ಮತ್ತೊಮ್ಮೆ ಎದ್ದಿತು. ಹೆಬ್ಬೆರಳಿನ ಉಗುರಿಗೆ ಮೊದಲು ಬಣ್ಣ ಬಂತು, ಆಮೇಲೆ ಅದರ ಪಕ್ಕದ್ದಕ್ಕೆ. ನಡೀರಿ, ನಿಧಾನಕ್ಕೆ. ಉಳ್ಕತದಾ ಮೇಡಂ? ಗೊತ್ತಿಲ್ಲ ಕಣಮ್ಮ, ಎಂದುಬಿಟ್ಟಳು, ಹಾಗೆನ್ನಬಾರದೆಂದು ಹೇಳಿಕೊಟ್ಟಿದ್ದರು, ನಂದಿತಾ ಅಳಲಿಲ್ಲ, ಮಗಳ ಕಿರುಬೆರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಹಾಸನದಲ್ಲಿ ಕೂಸನ್ನು ಒಳಗೆತ್ತಿಕೊಂಡು ಹೋದರು, ಹೊಸ ಕೊಳವೆ, ಉಸಿರಾಟದ ಯಂತ್ರ, ಅಲ್ಲಿನ ಡಾಕ್ಟರು ಹೊರಬಂದು, ಉಳೀತಾಳೆ ಅನ್ಸುತ್ತೆ, ನೀವು ಕೂತ್ಕೊಳ್ಳಿ, ಎಂದರು, ನಂದಿತಾ ಗೋಡೆಗೊರಗಿ ಕುಸಿದು ಕೂತಳು, ಅಕ್ಷತಾ ಕೂರಲಿಲ್ಲ, ಸಂತೋಷ ಬರಬೇಕು ಈಗ, ಬಂದೀತು, ಕೂಸಿನ ಹೆಬ್ಬೆರಳು ಕೆಂಪಗಾಗಿತ್ತು, ತೋರುಬೆರಳೂ, ನಡುವಿನದೂ, ಉಂಗುರದ ಬೆರಳನ್ನೂ ನೋಡಿದ್ದೇನೆ, ಕಿರುಬೆರಳು ಮಾತ್ರ ತಾಯಿಯ ಮುಷ್ಟಿಯೊಳಗಿತ್ತು, ಅದು ಕಾಣಲಿಲ್ಲ, ಎಲ್ಲಕ್ಕೂ ಹರಿಯುವುದು ಒಂದೇ ರಕ್ತ, ಅದು ಗೊತ್ತು, ಆದರೂ ಅದು ಕಾಣಲಿಲ್ಲ, ಕಣ್ಣಲ್ಲಿ ಉಳಿದದ್ದು ಅದೊಂದೇ, ಆ ಕಿರುಬೆರಳು, ಅಕ್ಕಿಕಾಳಿನಷ್ಟು ಉಗುರು, ನೀಲಿ